ದಾರಿಸೊಪ್ಪು

2025ರ ನವೆಂಬರ್ 3, ಸೋಮವಾರ. ಬೆಳಿಗ್ಗೆ 9 ಗಂಟೆ 40 ನಿಮಿಷ. ಚನ್ನಗಿರಿಯ ಠಾಣೆಯಲ್ಲಿ ಕಾನ್‌ಸ್ಟೆಬಲ್ ಪುಷ್ಪಾ ಠಾಣಾ ದಿನಚರಿಗೆ ಅಂಚುಗೆರೆ ಎಳೆಯುತ್ತಿದ್ದಳು. ಆಗ ಇಬ್ಬರು ಒಳಗೆ ಬಂದರು. ಮುಂದೆ ಬಂದವನು ಊರ ದಾರಿ ಸಮಿತಿಯ ಕಾರ್ಯದರ್ಶಿ ಮಾಲತೇಶ್. ಹಿಂದೆ ಬಂದವನು ಕೆರೆ ಏರಿಯ ಆಚೆ ಹೊಸ ಲೇಔಟ್ ಮಾಡುತ್ತಿದ್ದ ಬೈಲಪ್ಪ. ಕುಳಿತುಕೊಳ್ಳಿ ಎನ್ನುವ ಮೊದಲೇ ಬೈಲಪ್ಪ ಕುಳಿತಿದ್ದ.

"ಏನು ಕಳವು?" ಸಬ್ ಇನ್‌ಸ್ಪೆಕ್ಟರ್ ಓಂಕಾರ್ ಕೇಳಿದರು.

"ಕಲ್ಲು ಸಾರ್. ಹದಿನಾಲ್ಕು," ಎಂದ ಮಾಲತೇಶ್.

"ಎಲ್ಲಿಗೆ ಹೋಗ್ಯಾವೆ?"

"ಎಲ್ಲಿಗೂ ಹೋಗಿಲ್ಲ ಸಾರ್. ಅಲ್ಲೇ ಅವೆ. ಜಾಗ ಬದಲಾಯಿಸ್ಯಾವೆ."

ಓಂಕಾರ್ ಪೆನ್ನು ಕೆಳಗಿಟ್ಟರು. "ಕಲ್ಲು ತಾವೇ ನಡಕೊಂಡು ಹೋದ್ವಾ?"

ಬಾಗಿಲ ಹತ್ತಿರ ನಿಂತಿದ್ದ ಪೇದೆಗಳು ನಕ್ಕರು. ಪುಷ್ಪಾ ನಗಲಿಲ್ಲ, ಬರೆದುಕೊಳ್ಳುತ್ತಿದ್ದಳು. ಮಾತಾಡುವುದಕ್ಕಿಂತ ಬರೆಯುವುದೇ ಅವಳಿಗೆ ಸುಲಭ. ಮೂರು ವರ್ಷದ ನೌಕರಿಯಲ್ಲಿ ಅವಳು ದನಿ ಎತ್ತಿದ್ದನ್ನು ಠಾಣೆಯಲ್ಲಿ ಯಾರೂ ಕೇಳಿರಲಿಲ್ಲ.

ದೂರಿನ ಸಾರಾಂಶ ಇಷ್ಟು. ಒಂದು ವರ್ಷದಿಂದ ಸಮಿತಿಯು ಊರಿನ ಕಾಲುದಾರಿಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ, ನಡೆಯುವವರಿಗೂ ಸೈಕಲ್ ಹೊಡೆಯುವವರಿಗೂ ಐದು ದಾರಿ ಮಾಡಿತ್ತು. ಎಲ್ಲ ಸೇರಿ ಹದಿನೇಳು ಕಿಲೋಮೀಟರ್. ದಾರಿ ಕವಲೊಡೆಯುವಲ್ಲೆಲ್ಲ ಮೊಳಕಾಲೆತ್ತರದ ಒಂದು ಕಲ್ಲು, ಅದರ ಮೇಲೆ ಬಣ್ಣದ ಬಾಣ. ಹಸಿರು ಬಾಣದ ದಾರಿ ಕೆರೆ ಏರಿಯಿಂದ ಹೊರಟು ಹೆದ್ದಾರಿ ಬಳಸಿ ಕೋಟೆ ಗುಡ್ಡದ ಬುಡಕ್ಕೆ ಹೋಗಬೇಕಿತ್ತು. ಭಾನುವಾರ ಉದ್ಘಾಟನೆಯ ಸವಾರಿ, ನೂರಾ ನಲವತ್ತು ಸೈಕಲ್. ಏರಿ ಇಳಿದ ಮೇಲೆ ಮೂರನೇ ಕಲ್ಲಿನ ಬಾಣ ಎಡಕ್ಕೆ ತೋರಿಸಿತು. ಎಲ್ಲರೂ ಎಡಕ್ಕೆ ತಿರುಗಿದರು. ಎದುರಿಗೆ ಬೈಲಪ್ಪನ ಮುಳ್ಳುತಂತಿ ಬೇಲಿ.

"ಬೇಲಿ ಕಂಡು ವಾಪಸ್ ಬರಬೇಕಿತ್ತಲ್ಲ?" ಓಂಕಾರ್ ಮಾಲತೇಶ್ ಕಡೆ ತಿರುಗಿದರು.

"ಕಮಿಟಿಯೋರು ತೆಗೆಯಾಕೆ ಮರೆತಾರೆ ಅಂದ್ಕೊಂಡು ಮುಂದಿದ್ದೋರು ಮೂರು ಕಂಬ ಕಿತ್ತು, ಕನ್ನಡ ಬಾವುಟ ಹಿಡಕೊಂಡು ಜೈ ಅಂತ ಹೊಂಟೇ ಹೋದ್ರು ಸಾರ್. ಊರ ತುಂಬಾ ಫೋಟೋ ಹರಿದಾಡ್ತಾವೆ."

"ಅದು ದಾರೀನೇ ಅಲ್ಲ," ಎಂದ ಬೈಲಪ್ಪ. "ಜನಬಳಕೆ ಇಲ್ಲ ಅಂತ ಇವರ ಕಮಿಟಿನೇ ವರದಿ ಬರೆದೈತೆ. ಶುಕ್ರವಾರ ನಕ್ಷೆ ಪ್ರಿಂಟಿಗೆ ಹೋಗ್ತೈತೆ, ಅದರಾಗೆ ಆ ದಾರಿ ಇರಲ್ಲ. ಯಾರೋ ಬೇಕಂತ್ಲೇ ಮಾಡ್ಯಾರೆ. ಹಿಡೀರಿ, ಒಳಗೆ ಹಾಕ್ರಿ."

10 ಗಂಟೆ 50 ನಿಮಿಷಕ್ಕೆ ಕಳವು ಮತ್ತು ಹಾನಿಯ ಕಲಂಗಳ ಅಡಿ ಎಫ್‌ಐಆರ್ ದಾಖಲಾಯಿತು.

ಸ್ಥಳ ಪಂಚನಾಮೆ ಶುರುವಾದದ್ದು 11 ಗಂಟೆ 45ಕ್ಕೆ. ಓಂಕಾರ್ ಅವರ ಜೀಪು ಏರಿಯ ಮೇಲೇ ನಿಂತಿತು. ಮುಂದಕ್ಕೆ ಕಾಲೇ ಗತಿ. ಪುಷ್ಪಾ ಸಮಿತಿಯ ಕರಡು ನಕ್ಷೆಯನ್ನು ರಟ್ಟಿಗೆ ಕ್ಲಿಪ್ ಹಾಕಿಕೊಂಡು, ಇಬ್ಬರು ಪಂಚರ ಜೊತೆ ನಡೆದಳು. ಈ ಊರಿಗೆ ಬಂದು ಮೂರು ವರ್ಷವಾದರೂ ಅವಳು ಇಲ್ಲಿಗೆ ಕಾಲಿಟ್ಟಿರಲಿಲ್ಲ. ಬಸ್ ಸ್ಟ್ಯಾಂಡು, ಠಾಣೆ, ಬಾಡಿಗೆ ರೂಮು, ಅಷ್ಟೇ ಅವಳ ಚನ್ನಗಿರಿ. ಹಿತ್ತಿಲುಗಳ ಬೆನ್ನಿಗೆ, ಹುಣಸೆ ಮರಗಳ ನೆರಳಿಗೆ, ಹೀಗೆ ಇನ್ನೊಂದು ಊರೇ ಹರಿದಾಡುತ್ತಿದೆ ಎಂದು ಗೊತ್ತೇ ಇರಲಿಲ್ಲ.

ಮೂರನೇ ಕಲ್ಲನ್ನು ಕಿತ್ತು ಎಂಟು ಅಡಿ ದೂರದಲ್ಲಿ ನೆಟ್ಟಿದ್ದರು. ಸಮಿತಿಯವರು ಸಿಮೆಂಟ್ ಹಾಕಿರದಿದ್ದರಿಂದ ಹಾರೆಯ ಒಂದು ಮೀಟು ಸಾಕಾಗಿತ್ತು. ಮುಂದಿನ ಹನ್ನೊಂದು ಕಲ್ಲುಗಳನ್ನು ಹೆದ್ದಾರಿಯ ಕಡೆಯಿಂದ ಹೊತ್ತು ತಂದು ಎಡಗಡೆಯ ದಾರಿಯುದ್ದಕ್ಕೂ ಸಾಲಾಗಿ ಊರಿದ್ದರು. ಉಳಿದ ಎರಡು ಹೈಸ್ಕೂಲಿನ ಹಿಂಬಾಗಿಲಿನಲ್ಲಿ. ಒದ್ದೆ ಮಣ್ಣಿನಲ್ಲಿ ಭಾರ ಹೊತ್ತ ಸೈಕಲ್ಲಿನ ಒಂದೇ ಒಂದು ಜಾಡು ಆಳವಾಗಿ ಕೂತಿತ್ತು. ಭಾನುವಾರದ ನೂರಾ ನಲವತ್ತು ಜಾಡುಗಳು ಅದರ ಮೇಲೆ ಹಾದಿದ್ದವು. ಅಂಚಿನಲ್ಲಿ ಮಾತ್ರ ಅದು ಉಳಿದಿತ್ತು, ಟೈರಿಗೆ ತಂತಿ ಕಟ್ಟಿದ ಗುರುತು ಆರಾರು ಅಡಿಗೊಮ್ಮೆ ಮೂಡಿತ್ತು.

ಪುಷ್ಪಾ ಬಗ್ಗಿ ಕಲ್ಲಿನ ಬುಡ ನೋಡಿದಳು. ಅಲ್ಲಿ ಒಂದು ಬಂದರಿಕೆ ಸೊಪ್ಪಿನ ಕಡ್ಡಿ ಇತ್ತು. ಅದರ ಮೇಲೆ ಅಂಗೈಯಗಲದ ಚಪ್ಪಟೆ ಕಲ್ಲು. ಕಡ್ಡಿಯ ಕೊಯ್ದ ತುದಿ ದಾರಿಯ ಕಡೆಗೆ, ಎಲೆ ಹಿಂದಕ್ಕೆ. ನಾಲ್ಕನೇ ಕಲ್ಲಿನ ಬುಡದಲ್ಲೂ ಹಾಗೆಯೇ. ಐದನೆಯದರಲ್ಲೂ.

ಪುಷ್ಪಾಗೆ ಇದು ಗೊತ್ತಿತ್ತು. ಅವಳ ಹುಟ್ಟೂರಿನ ಕಡೆ, ಜಗಳೂರು ಸೀಮೆಯಲ್ಲಿ, ಕುರಿ ಹೊಡೆದುಕೊಂಡು ದೂರ ಹೋಗುವವರ ಪದ್ಧತಿ ಇದು. ಮುಂದೆ ಹೋಗುವವನು ಕವಲಿನಲ್ಲಿ ಹೀಗೆ ಸೊಪ್ಪಿಟ್ಟು ಹೋಗಬೇಕು, ಹಿಂದಿನವರು ಅದನ್ನು ನೋಡಿ ತಿರುಗಬೇಕು. ಎಲ್ಲರಿಗಿಂತ ಕೊನೆಗೆ ಬರುವವನು ಎತ್ತಿ ಬಿಸಾಡಬೇಕು. ದಾರಿಸೊಪ್ಪು ಎನ್ನುತ್ತಿದ್ದಳು ಅಜ್ಜಿ. ಚನ್ನಗಿರಿಯಲ್ಲಿ ಈ ವಿಷಯ ಗೊತ್ತಿದ್ದವರು ಬೆರಳೆಣಿಕೆಯಷ್ಟಿರಬಹುದು.

ಬಾಯಿ ಬಿಟ್ಟರೆ ತನ್ನ ಸೀಮೆಯವರೇ ಸಿಕ್ಕಿಬೀಳುತ್ತಾರೆ. ಬಿಡದಿದ್ದರೆ ಈ ಖಾಕಿ ಯಾತಕ್ಕೆ? ಪುಷ್ಪಾ ಅಲ್ಲೇ ಒಂದು ನಿಮಿಷ ಕುಕ್ಕರಗಾಲಿನಲ್ಲಿ ಕುಳಿತಳು. ಕಂಡದ್ದನ್ನೆಲ್ಲ ಬರೆಯಬೇಕು ಎಂದು ತೀರ್ಮಾನಿಸಿದಳು. ಒಂದನ್ನೂ ಬಿಡಬಾರದು.

ಹಾಗಾಗಿ ಬರೆದಳು. ಸೊಪ್ಪನ್ನು ಬರೆದಳು, ತಂತಿಯ ಗುರುತನ್ನು ಬರೆದಳು. ಬೇಲಿಯಲ್ಲಿ ಒಂದು ಕಡೆ ಕೆಳಗಿನ ತಂತಿಯನ್ನು ಮೇಲಕ್ಕೆ ಬಗ್ಗಿಸಿ, ಬಟ್ಟೆ ಹರಿಯದಂತೆ ಹಳೇ ಸೀರೆಯ ತುಂಡು ಸುತ್ತಿದ್ದರು. ಅದನ್ನೂ ಬರೆದಳು. ಬಂಡೆಯ ಮೇಲೆ ಪಾದ ತುಳಿದು ತುಳಿದು ಬಿದ್ದ ನುಣ್ಣನೆಯ ತಗ್ಗಿನ ಅಳತೆ ಹಿಡಿದು ಬರೆದಳು. ಮುಳ್ಳಿಗೆ ಸಿಕ್ಕಿದ್ದ ಕೆಂಪು ಜಡೆ ಟೇಪನ್ನು ಕವರಿಗೆ ಹಾಕಿದಳು.

ಹಿಂದೆಯೇ ಬಂದಿದ್ದ ಬೈಲಪ್ಪ ಇಣುಕಿ ನೋಡಿದ. "ಏನಮ್ಮ, ಕಲ್ಲಿನ ವಿಷಯ ಬರಿ ಅಂದ್ರೆ ಜಡೆ ಟೇಪು ಬರೀತಿಯಲ್ಲ? ಇದನ್ನೆಲ್ಲ ಹೊಡೆದುಹಾಕು."

ಪುಷ್ಪಾ ತಲೆ ಎತ್ತಲಿಲ್ಲ. "ಪಂಚನಾಮೆ ರೀ ಇದು," ಎಂದಳು. ಬರೆಯುತ್ತಲೇ ಇದ್ದಳು. "ಕಂಡಿದ್ದು ಹೊಡೆದುಹಾಕಾಕೆ ಬರಲ್ಲ."

ಪಂಚರು ರುಜು ಹಾಕಿದಾಗ 1 ಗಂಟೆ 05.

ಏರಿಗೆ ಮರಳಿ ಅವಳು ಓಂಕಾರ್ ಅವರಿಗೆ ಸೊಪ್ಪಿನ ಸಂಗತಿ ಹೇಳಿದಳು. ಐದನೇ ಕಲ್ಲಿನ ಬುಡದಿಂದ ಅವಳು ತಂದಿದ್ದ ಕಡ್ಡಿಯನ್ನು ಅವರು ತಿರುಗಿಸಿ ನೋಡಿದರು. "ನಾನಾಗಿದ್ರೆ ಯಾರೋ ಆಡು ಮೇಯಿಸೋರು ಬಿಟ್ಟಾರೆ ಅಂದ್ಕೊಂತಿದ್ದೆ. ಜಗಳೂರು ಕಡೆಯೋರು ಇಲ್ಲಿ ಯಾರವರೆ?"

"ಗೊತ್ತಿಲ್ಲ ಸಾರ್. ಆದ್ರೆ ಸೈಕಲ್ ಜಾಡು ಸ್ಕೂಲ್ ಒಳಗೆ ಹೋಗೈತೆ."

ಹೈಸ್ಕೂಲಿನ ಸೈಕಲ್ ಶೆಡ್ಡಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲುಗಳು ಒಂದೇ ತಾಯಿಯ ಮಕ್ಕಳಂತೆ ನಿಂತಿದ್ದವು. ಕೊನೆಯದರ ಹಿಂದಿನ ಟೈರಿಗೆ ತಂತಿ ಬಿಗಿದಿತ್ತು, ಕ್ಯಾರಿಯರ್ ಭಾರಕ್ಕೆ ಜಗ್ಗಿತ್ತು. ಅದರ ಮಗ್ಗುಲಿಗೇ ಬಿಸಿಯೂಟದ ಕೋಣೆ. ಅಡುಗೆಯ ಗಾದ್ರಮ್ಮ ಅನ್ನದ ಬೋಗುಣಿ ಇಳಿಸುತ್ತಿದ್ದಳು. ಐವತ್ತೈದರ ಆಸುಪಾಸು, ಸೊಂಟಕ್ಕೆ ಸೆರಗು ಬಿಗಿದ ಗಟ್ಟಿ ಹೆಂಗಸು.

"ಈ ಸೈಕಲ್ ಯಾರದು?" ಓಂಕಾರ್ ಕೇಳಿದರು.

"ಉಷಾರಾಣಿ ಅಂತ, ಒಂಬತ್ತನೇ ಕ್ಲಾಸಿನ ಹುಡುಗಿದು. ಹೊಡೆಯೋಳು ನಾನು."

"ಶನಿವಾರ ಎಲ್ಲಿದ್ರಿ?"

"ಕಲ್ಲು ಹೊರ್ತಿದ್ದೆ."

ಓಂಕಾರ್ ಮುಂದಿನ ಪ್ರಶ್ನೆಯನ್ನೇ ಮರೆತರು. "ಯಾವ ಹೊತ್ನಾಗೆ?"

"ಹಾಡಹಗಲೇ. ಊರೆಲ್ಲ ರಾಜ್ಯೋತ್ಸವದ ಬಾವುಟದ ಮುಂದಿತ್ತು. ದಾರ್ಯಾಗೆ ಕಂಡೋರು ಇಬ್ಬರು ಏನವ್ವ ಇದು ಅಂದ್ರು. ಕಮಿಟಿಯೋರು ಹೇಳ್ಯಾರೆ ಅಂದೆ. ಪಾಪ, ಒಬ್ಬಾತ ಕೈ ಹಾಕಿದ." ಅವಳು ಪುಷ್ಪಾಳ ಕಡೆ ತಿರುಗಿದಳು. "ಸೊಪ್ಪು ಕಂಡು ಬಂದ್ಯಾ ತಂಗಿ? ನೀನು ನಮ್ಮ ಕಡೇಕಿನೇ ಇರಬೇಕು."

"ಹೌದಕ್ಕ," ಎಂದಳು ಪುಷ್ಪಾ. "ಸೊಪ್ಪು ಇಡದಿದ್ರೆ ನಾನಿಲ್ಲಿಗೆ ಬರ್ತಾನೇ ಇರಲಿಲ್ಲ. ಯಾಕಿಟ್ರಿ?"

"ಕವಲಿನಾಗೆ ಕಲ್ಲಿಟ್ಟು ಸೊಪ್ಪು ಇಡದೆ ಹೋಗಾಕೆ ಕೈ ಬರಲಿಲ್ಲ ಕಣವ್ವ. ನಮ್ಮಪ್ಪನ ಕುರಿ ಹಿಂದೆ ಹನ್ನೆರಡು ವರ್ಷ ನಡೆದ ಕಾಲು ಇವು."

"ಸರಿ, ನಡೀರಿ ಸ್ಟೇಷನ್ನಿಗೆ," ಎಂದರು ಓಂಕಾರ್.

"ಬರ್ತೀನಿ. ಇವತ್ತು ಗ್ಯಾಸು ತಡವಾಗಿ ಬಂತು, ಮಕ್ಕಳು ಇನ್ನೂ ಉಂಡಿಲ್ಲ. ಉಂಡ ಮ್ಯಾಲೆ ಬೇಡಿ ತೊಡಿಸ್ರಿ, ಸರಪಣಿ ಹಾಕ್ರಿ."

ಕಾದರು. ಮಕ್ಕಳು ಸಾಲಾಗಿ ತಟ್ಟೆ ಹಿಡಿದು ಬಂದರು, ಅನ್ನ ಸಾರು ಹಾಕಿಸಿಕೊಂಡು ಹೋದರು. ಎಲ್ಲರದೂ ಆದ ಮೇಲೆ ಗೋಡೆಯ ಪಕ್ಕ ತೊಳೆದ ತಟ್ಟೆಗಳ ಒಂದು ಅಟ್ಟಿ ಹಾಗೆಯೇ ಉಳಿಯಿತು. ಪುಷ್ಪಾ ಎಣಿಸಿದಳು. ಹನ್ನೊಂದು.

"ಅವು ಗುಡ್ಡದಾಚೆ ಕಾಲೋನಿ ಹುಡುಗ್ಯಾರವು," ಎಂದಳು ಗಾದ್ರಮ್ಮ, ಕೈ ಒರೆಸಿಕೊಳ್ಳುತ್ತ. "ದಿನಾ ಬೆಳಿಗ್ಗೆ ತೊಳೆದು ಜೋಡಿಸ್ತೀನಿ. ಈ ದಾರಿ ಇದ್ದಾಗ ಸೈಕಲ್ ಹತ್ತಿ ಹತ್ತು ನಿಮಿಷಕ್ಕೆ ಬರ್ತಿದ್ವು. ಜೂನ್‌ನಾಗೆ ಆ ಮನುಷ್ಯ ಬೇಲಿ ಹಾಕಿದ. ಲಾರಿ ಓಡಾಡೋ ಹೈವೇ ಮ್ಯಾಲೆ ಮೂರೂವರೆ ಕಿಲೋಮೀಟ್ರು ಸುತ್ತಬೇಕು. ಆಗಸ್ಟ್‌ನಾಗೆ ಉಷಾರಾಣಿಗೆ ಲಾರಿ ಸವರಿ ಮೊಳಕೈ ಮುರೀತು. ಅವರಪ್ಪ ದುರುಗೇಶ, ಓದಿದ್ದು ಸಾಕು ಮನ್ಯಾಗಿರು ಅಂದ. ಅವನ ನೋಡಿ ಉಳಿದೋರೂ ಬಿಡಿಸಿದ್ರು. ಕಮಿಟಿಗೆ ಮೂರು ಸಲ ಹೋಗಿ ಹೇಳಿದೆ. ಜನಬಳಕೆ ಇಲ್ಲ ಅಂದ್ರು. ಬೇಲಿ ಹಾಕಿ ಬಳಕೆ ಇಲ್ಲ ಅಂದ್ರೆ ಹೆಂಗೆ? ಬಾಯಿ ಹೊಲಿದು, ಇವನಿಗೆ ಹಸಿವಿಲ್ಲ ಅಂದಂಗೆ ಆತು. ಜನ ಬೇಕಾ ನಿಮಗೆ ಅಂದ್ಕೊಂಡೆ. ನೂರಾ ನಲವತ್ತು ಜನ ಕಳಿಸಿದೆ."

ಮಧ್ಯಾಹ್ನ 3 ಗಂಟೆ 10. ಠಾಣೆಯಲ್ಲಿ ಬೈಲಪ್ಪ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ಆರೋಪಿ ಬಿಸಿಯೂಟದ ಹೆಂಗಸು ಎಂದು ತಿಳಿದು ಅವನ ಮನಸ್ಸು ದೊಡ್ಡದಾಗಿತ್ತು. "ಹೋಗ್ಲಿ ಬಿಡ್ರಿ ಸಾರ್. ತಪ್ಪಾತು, ಅಲ್ಲಿ ದಾರಿ ಇಲ್ಲ ಅಂತ ಒಂದು ಕಾಗದ ಬರೆದುಕೊಡ್ಲಿ. ಕೇಸು ಬ್ಯಾಡ."

ಮಾಲತೇಶ್ ತಲೆಯಾಡಿಸಿದ. ಓಂಕಾರ್ ಗಾದ್ರಮ್ಮನ ಮುಖ ನೋಡಿದರು. "ಬರೀತೀರಾ?"

"ಇಲ್ಲ."

"ಅರೆಸ್ಟ್ ಆಗ್ತೀರಿ. ಕೋರ್ಟು, ಜಾಮೀನು, ಕೆಲಸಾನೂ ಹೋಗಬಹುದು."

"ಹೋಗ್ಲಿ. ಕಲ್ಲು ಹೊತ್ತ ಕೈ ನಂದು, ಒಪ್ತೀನಿ. ಆದ್ರೆ ದಾರಿ ಇಲ್ಲ ಅಂತ ಬರೆಯೋ ಕೈ ನಂದಲ್ಲ." ಅವಳು ಪುಷ್ಪಾಳ ಕೈಯಲ್ಲಿದ್ದ ಹಾಳೆಗಳತ್ತ ಗಲ್ಲ ಎತ್ತಿ ತೋರಿಸಿದಳು. "ತಂಗಿ, ಆ ಜಾಗದಾಗೆ ನೀನು ಏನೇನು ಕಂಡೆ, ಬರಕೊಂಡೀಯಲ್ಲ? ಓದು. ಎಲ್ಲರೂ ಕೇಳ್ಲಿ."

ಓಂಕಾರ್ ತಡೆಯಲಿಲ್ಲ. ಪುಷ್ಪಾ ಎದ್ದು ನಿಂತಳು. ಓದಿದಳು: "ಸದರಿ ಸ್ಥಳದಲ್ಲಿ ಮೂರು ಅಡಿ ಅಗಲದ ಸವೆದ ಕಾಲುದಾರಿ ಇರುತ್ತದೆ. ಬಂಡೆಯ ಮೇಲೆ ಹಲವು ವರ್ಷಗಳ ಓಡಾಟದಿಂದ ಉಂಟಾದ ಒಂದೂವರೆ ಅಂಗುಲ ಆಳದ ತಗ್ಗು ಇರುತ್ತದೆ. ಬೇಲಿಯನ್ನು ಇತ್ತೀಚೆಗೆ ಈ ದಾರಿಗೆ ಅಡ್ಡಲಾಗಿ ಹಾಕಿದ್ದು, ಅದರ ಕೆಳಗೆ ನುಸುಳಿ ಜನರು ಈಗಲೂ ಓಡಾಡುತ್ತಿರುವುದಕ್ಕೆ ಬಗ್ಗಿಸಿದ ತಂತಿ, ಸೀರೆಯ ತುಂಡು, ಜಡೆ ಟೇಪು ಸಾಕ್ಷಿಯಾಗಿ ಕಂಡುಬಂದಿರುತ್ತವೆ."

ಬೈಲಪ್ಪನ ಮೇಲಿನ ಕಾಲು ಕೆಳಗಿಳಿಯಿತು. ಅವನು ದಡ್ಡನಲ್ಲ. ತನ್ನ ದೂರಿನ ಬಾಲ ಹಿಡಿದೇ, ಅಲ್ಲಿ ಜನ ಓಡಾಡುವ ದಾರಿ ಇದೆ ಎಂಬ ಮಾತು ಸರ್ಕಾರಿ ಕಾಗದಕ್ಕೆ ಏರಿತ್ತು. ನಾಳೆ ಕೋರ್ಟಿಗೆ ಹೋಗುತ್ತದೆ, ನಕಲು ಬೇಕೆಂದವರ ಕೈಗೂ ಸಿಗುತ್ತದೆ.

"ನಾನು ಕಂಪ್ಲೇಂಟ್ ವಾಪಸ್ ತಗಂತೀನಿ," ಎಂದ. "ಈಗಲೇ. ಆ ಹಾಳೆ ಹರಿದುಹಾಕ್ರಿ."

ಓಂಕಾರ್ ಬಾಯಿ ತೆರೆಯುವಷ್ಟರಲ್ಲಿ ಪುಷ್ಪಾ ಮಾತಾಡಿದ್ದಳು. ಇಡೀ ಠಾಣೆಗೆ ಕೇಳುವಂತೆ.

"ಎಫ್‌ಐಆರ್ ಆಗೈತೆ ರೀ. ಪಂಚರ ರುಜು ಬಿದ್ದೈತೆ. ಹಿಡೀರಿ ಅಂದೋರು ನೀವೇ, ಹಿಡಿದೀವಿ. ಇನ್ನು ಏನಿದ್ರೂ ಕೋರ್ಟಿನಾಗೆ."

ಬಾಗಿಲ ಹತ್ತಿರದ ಪೇದೆ ಮತ್ತೊಬ್ಬನ ಕಿವಿಯಲ್ಲಿ, "ಲೇ, ಇದು ನಮ್ಮ ಪುಷ್ಪಾನೇನಾ?" ಎಂದ. ಓಂಕಾರ್ ಮೀಸೆಯ ಮೇಲೆ ಕೈ ಇಟ್ಟುಕೊಂಡು ಕಿಟಕಿಯ ಕಡೆ ನೋಡಿದರು.

3 ಗಂಟೆ 35ಕ್ಕೆ ಗಾದ್ರಮ್ಮನ ಬಂಧನ ದಾಖಲಾಯಿತು. ಬಂಧನ ಪತ್ರಕ್ಕೆ ಅವಳು ಹೆಬ್ಬೆಟ್ಟು ಒತ್ತಲಿಲ್ಲ. ಪೆನ್ನು ಕೇಳಿ ತೆಗೆದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಪೂರ್ತಿ ಹೆಸರು ಬರೆದಳು. 4 ಗಂಟೆ 30ಕ್ಕೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಿದರು. ತಪ್ಪು ಒಪ್ಪುತ್ತೀರಾ ಎಂದದ್ದಕ್ಕೆ, "ಕಲ್ಲು ಸರಿಸಿದ್ದು ಒಪ್ತೀನಿ, ತಪ್ಪು ಅನ್ನೋದು ಒಪ್ಪಲ್ಲ ಸ್ವಾಮಿ" ಎಂದಳು. ಜಾಮೀನು ಸಿಕ್ಕಿತು. ಶ್ಯೂರಿಟಿ ಯಾರು ಎಂದು ಕೇಳಿದಾಗ ಕೋರ್ಟಿನ ಹಿಂದಿನ ಬೆಂಚಿನಿಂದ ಒಬ್ಬ ಗಂಡಸು ಎದ್ದ. ಸುದ್ದಿ ಕೇಳಿ, ಕೈಯ ಕೆಲಸ ಬಿಟ್ಟು, ಗಾರೆ ಮೆತ್ತಿದ ಅಂಗಿಯಲ್ಲೇ ಬಂದಿದ್ದ. ಹೆಸರು ಹೇಳಿದ: ದುರುಗೇಶ್, ಉಷಾರಾಣಿಯ ತಂದೆ.

ಮರುದಿನ, ಮಂಗಳವಾರ ಬೆಳಿಗ್ಗೆ 8 ಗಂಟೆ 50. ಬೇಲಿಯ ಮೂರು ಕಂಬಗಳು ಬಿದ್ದಲ್ಲೇ ಬಿದ್ದಿದ್ದವು. ಪ್ರಕರಣದ ಸ್ಥಳ, ಅಪ್ಪಣೆಯಿಲ್ಲದೆ ಯಾರೂ ಮುಟ್ಟುವಂತಿಲ್ಲ ಎಂದು ಓಂಕಾರ್ ಚೀಟಿ ಅಂಟಿಸಿಬಂದಿದ್ದರು. ಪುಷ್ಪಾ ಕಾವಲಿಗೆ ನಿಂತಿದ್ದಳು. ಗುಡ್ಡದ ಕಡೆಯಿಂದ ಬೆಲ್ಲು ಕೇಳಿಸಿತು. ಒಂದು ಸೈಕಲ್, ಹಿಂದೆ ಇನ್ನೊಂದು, ಆಮೇಲೆ ಉಳಿದವು. ಯಾರದೋ ಕ್ಯಾರಿಯರ್ ಮೇಲೆ, ಮೊಳಕೈ ನೆಟ್ಟಗಾಗದ ಒಬ್ಬ ಹುಡುಗಿ ಬ್ಯಾಗು ಅಪ್ಪಿಕೊಂಡು ಕುಳಿತಿದ್ದಳು. ಪುಷ್ಪಾ ಎಣಿಸಿದಳು. ಒಂಬತ್ತು ಜನ.

ಅವರು ದಾಟಿದ ಮೇಲೆ ಮೂರನೇ ಕಲ್ಲಿನ ಬುಡಕ್ಕೆ ಬಗ್ಗಿದಳು. ಬಂದರಿಕೆ ಎಲೆ ಬಾಡಿತ್ತು. ಅವಳು ಅದನ್ನು ಎತ್ತಿ ಬಿಸಾಡಲಿಲ್ಲ. ಇನ್ನೂ ಇಬ್ಬರು ಬರುವುದಿತ್ತು.