ಎಡಗಡೆಯ ಪುಟ

ಕಳಿಸಿದ ಫೋಟೋದ ಕೆಳಗೆ ಎರಡು ನೀಲಿ ಗೆರೆ ಮೂಡಿದ ಮೇಲೆಯೇ ಕೋಮಲಳಿಗೆ ಎಡಗಡೆಯ ಪುಟ ಕಂಡದ್ದು.

ಚನ್ನಬಸವ ಕೇಳಿದ್ದು ಬಲಗಡೆಯದನ್ನು ಮಾತ್ರ. ಇಬ್ಬರೂ ಫೋನಿನಲ್ಲಿ ಜೊತೆಯಾಗಿ ಆಡುವ ಗೇಮಿನಲ್ಲಿ ಕಲ್ಲುಗಣ್ಣಿನ ರಾಕ್ಷಸನೊಬ್ಬ ಅವನನ್ನು ಮೂರು ದಿನದಿಂದ ಮಣ್ಣು ಮುಕ್ಕಿಸುತ್ತಿದ್ದ. 'ನಿನ್ ಪುಸ್ತಕ ತೆಗ್ದು ಅವನ ವೀಕ್ನೆಸ್ ಕಳ್ಸು ತಾಯಿ, ಕೈ ಮುಗಿತೀನಿ' ಎಂದು ಮಧ್ಯಾಹ್ನ ಮೆಸೇಜ್ ಹಾಕಿದ್ದ.

ಆ ಗೇಮಿನಲ್ಲಿ ಪ್ರತಿ ಶತ್ರುವಿಗೂ ಒಂದು ದುರ್ಬಲ ಜಾಗವಿದೆ. ಒಬ್ಬನಿಗೆ ಬೆಂಕಿ, ಇನ್ನೊಬ್ಬನಿಗೆ ಹಿಮ, ಮತ್ತೊಬ್ಬನಿಗೆ ಸಿಡಿಲು. ಅಲ್ಲಿಗೇ ಹೊಡೆದರೆ ಅವನು ಮಂಡಿಯೂರುತ್ತಾನೆ, ನಮಗೆ ಇನ್ನೊಂದು ಏಟಿನ ಅವಕಾಶ ಸಿಗುತ್ತದೆ. ಚನ್ನಬಸವ ಎದುರಿಗೆ ಬಂದವನ ಮೇಲೆಲ್ಲ ಕತ್ತಿ ಬೀಸುವವನು. ಕೋಮಲ ಹಾಗಲ್ಲ. ಮೊದಲ ಮೂರು ಸುತ್ತು ಗುರಾಣಿ ಹಿಡಿದು ಸುಮ್ಮನೆ ನೋಡುತ್ತಾಳೆ. ಶತ್ರು ಯಾವುದನ್ನು ಮುಚ್ಚಿಕೊಳ್ಳುತ್ತಾನೋ ಅದನ್ನು ಪುಸ್ತಕದಲ್ಲಿ ಬರೆದಿಡುತ್ತಾಳೆ.

ಪುಟದ ಫೋಟೋ ತೆಗೆದು ಕಳಿಸಿದಳು. ಪಕ್ಕದ ಪುಟವೂ ಅದರಲ್ಲಿ ಸ್ಪಷ್ಟವಾಗಿ ಬಂದಿತ್ತು.

ಚನ್ನಬಸವ. ಊರು ಶಾಗ್ಯ.
ಸೂಜಿ ಕಂಡರೆ ಬೀಳುತ್ತಾನೆ.
ತಾಯಿಯ ವಿಷಯ ಬಂದರೆ ಮಾತು ನಿಲ್ಲಿಸುತ್ತಾನೆ.

ತಕ್ಷಣ ಡಿಲೀಟ್ ಒತ್ತಿದಳು. ಆದರೆ ಅವನು ನೋಡಿಯಾಗಿತ್ತು. ಉತ್ತರ ಬರಲಿಲ್ಲ.

ಹೀಗೆ ದುರ್ಬಲ ಜಾಗ ಗುರುತಿಸಿಡುವ ಅಭ್ಯಾಸ ಗೇಮಿನಿಂದ ಬಂದದ್ದಲ್ಲ. ಅಪ್ಪ ಪುಟ್ಟಮಲ್ಲಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿನಿಂದಲೇ ಅವತ್ತಿನ ಸಂಜೆ ಹೇಗೆ ಕಳೆಯುತ್ತದೆಂದು ತಿಳಿಯುವುದನ್ನು ಅವಳು ಏಳನೇ ವಯಸ್ಸಿಗೇ ಕಲಿತಿದ್ದಳು. ಭಯ ಹುಟ್ಟಿಸುವವರಿಗೆಲ್ಲ ಆ ಪುಸ್ತಕದಲ್ಲಿ ಒಂದೊಂದು ಪುಟವಿತ್ತು. ಚನ್ನಬಸವನ ಪುಟ ಯಾಕಿತ್ತು ಎಂದು ಮಾತ್ರ ಅವಳು ತನ್ನನ್ನು ತಾನೇ ಕೇಳಿಕೊಂಡಿರಲಿಲ್ಲ.

ಮೂರು ತಿಂಗಳ ಹಿಂದೆ, ಕೊಳ್ಳೇಗಾಲದಲ್ಲಿ ಅವಳು ರಕ್ತ ತೆಗೆಯುವ ಲ್ಯಾಬಿಗೆ ಅವನು ಜ್ವರದ ಟೆಸ್ಟಿಗೆಂದು ಬಂದಿದ್ದ. ಸೂಜಿ ನೋಡಿ ಕುರ್ಚಿಯಿಂದ ಜಾರಿದ್ದ. ಕಣ್ಣು ಬಿಟ್ಟವನು ಮೊದಲು ನೋಡಿದ್ದು ಮೇಜಿನ ಮೇಲಿದ್ದ ಅವಳ ಫೋನನ್ನು. "ಅಯ್ಯೋ, ನೀವೂ ಇದ್ನೇ ಆಡ್ತೀರಾ?" ಎಂದು ನೆಲದ ಮೇಲೆ ಮಲಗಿಕೊಂಡೇ ನಕ್ಕಿದ್ದ.

ಅವತ್ತು ಕೆಲಸ ಮುಗಿಸಿ ತನ್ನೂರು ಧನಗೆರೆಗೆ ಬಸ್ಸು ಹತ್ತಿದಾಗಲೂ ಮೆಸೇಜಿಲ್ಲ. ಸಂಜೆ ಗೇಮು ತೆರೆದರೆ ಅವನ ಹೆಸರು ಬೂದಿ ಬಣ್ಣದಲ್ಲಿತ್ತು, ಆಡಲು ಬಂದೇ ಇರಲಿಲ್ಲ. ಎಲ್ಲರಿಗೂ ತೋರಿಸಿ ನಗುತ್ತಿರಬಹುದೇ? ಇಲ್ಲ, ಅವನು ಹಾಗೆ ಮಾಡುವವನಲ್ಲ. ಹಾಗಾದರೆ ಇನ್ನು ಮಾತೇ ಆಡುವುದಿಲ್ಲವೇ?

ಮರುದಿನ ಬೆಳಿಗ್ಗೆ ಲ್ಯಾಬಿನ ಆಯಾ ಸೋಮಮ್ಮ ಕಸ ಗುಡಿಸುತ್ತಾ ಅವಳನ್ನೇ ನೋಡಿದಳು. "ಯಾಕವ್ವ, ಮೊಕ ಇಂಗೆ ಬಾಡೋಗದೆ?"

ಅಷ್ಟರಲ್ಲಿ ಬಾಗಿಲು ಸದ್ದಿಲ್ಲದೆ ತೆರೆಯಿತು. ಚನ್ನಬಸವ. ಮುಖದಲ್ಲಿ ನಗುವಿರಲಿಲ್ಲ.

"ಸುಗರ್ ಟೆಸ್ಟ್ ಮಾಡ್ಸಬೇಕಿತ್ತು ಮೇಡಮ್ಮೋರೆ. ಬರೀ ಹೊಟ್ಟೇಲೇ ಬಂದಿವ್ನಿ."

ಕುರ್ಚಿಯಲ್ಲಿ ಕುಳಿತು ಅಂಗಿಯ ತೋಳು ಮಡಚಿದ. ಹಣೆಯ ಮೇಲೆ ಆಗಲೇ ಬೆವರು.

"ಚನ್ನಬಸವ, ಆ ಫೋಟೋ..."

"ಮೊದ್ಲು ಚುಚ್ಚು."

"ಬೀಳ್ತೀಯ ನೀನು."

"ಬಿದ್ರೆ ಎತ್ತಕ್ಕೆ ಸೋಮಕ್ಕ ಅವ್ಳೆ."

"ನನ್ ಸೊಂಟ ನಂಗೇ ಎತ್ತಕ್ಕಾಗ್ದು, ನಿನ್ನೆತ್ಲಾ? ಬಿದ್ ಕಡೇನೆ ಬಿದ್ದಿರು ಕಣಪ್ಪ" ಎನ್ನುತ್ತಾ ಸೋಮಮ್ಮ ಬಕೆಟ್ ಹಿಡಿದು ಹೊರಗೆ ಹೋದಳು.

ಕೋಮಲ ಅವನ ತೋಳಿಗೆ ಪಟ್ಟಿ ಬಿಗಿದಳು. ನರ ಸಿಕ್ಕಿತು. ಅದು ಅವಳ ಬೆರಳಿನ ಕೆಳಗೆ ಓಡುತ್ತಿತ್ತು. "ಆ ಕಡೆ ನೋಡು. ಏನಾದ್ರೂ ಮಾತಾಡ್ತಿರು."

"ಅವ್ವನ ವಿಸ್ಯ ಮಾತಾಡ್ಲಾ?"

ಸೂಜಿ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

"ನೀನು ಚುಚ್ಚು" ಎಂದ ಅವನು, ಗೋಡೆಯ ಕ್ಯಾಲೆಂಡರಿನ ಕಡೆ ನೋಡುತ್ತಾ. "ಅವ್ವಂಗೆ ಸುಗರಿತ್ತು. ಕಡೆಕಡೆಗೆ ಆಸ್ಪತ್ರೇಲಿ ದಿನಾ ಚುಚ್ಚೋರು. ನರಾನೇ ಸಿಗ್ತಿರ್ನಿಲ್ಲ. ಅವ್ವ ಅಳ್ತಿರ್ನಿಲ್ಲ, ನನ್ ಮೊಕಾನೇ ನೋಡ್ತಾ ಮಲ್ಗಿರೋಳು. ನಾನೇ ಆಚೆ ಓಡೋಗ್ತಿದ್ದೆ. ನೀನೂ ಒಂದ್ಸಲ ಚೆಕ್ ಮಾಡ್ಸಪ್ಪ ಅಂತ ಡಾಕ್ಟ್ರು ಅಂದು ನಾಕೊರ್ಸ ಆಯ್ತು."

ಕೊಳವೆಯೊಳಗೆ ರಕ್ತ ಏರಿತು. ಅವನು ಬೀಳಲಿಲ್ಲ.

"ನಿನ್ ಪುಸ್ತಕದಲ್ಲಿ ಒಂದ್ ತಪ್ಪದೆ ಕೋಮಲ. ಎರಡು ಸಾಲು ಬರ್ದಿದ್ದೀಯ. ಎರಡೂ ಒಂದೇ ಕಣೆ."

ಅವಳು ಸೂಜಿ ತೆಗೆದು ಹತ್ತಿ ಇಟ್ಟು ಒತ್ತಿ ಹಿಡಿದಳು. ತಲೆ ಎತ್ತಲಾಗಲಿಲ್ಲ.

"ರಾಕ್ಷಸರ ಪುಸ್ತಕದಲ್ಲಿ ನನ್ನ ಯಾಕೆ ಸೇರ್ಸಿದ್ದೆ?"

"ಭಯ ಆಗೋರ ಹೆಸ್ರೆಲ್ಲ ಅದ್ರಲ್ಲಿದೆ."

"ನಾನೇನ್ ಮಾಡ್ದೆ?"

"ಏನೂ ಮಾಡ್ಲಿಲ್ಲ." ಹತ್ತಿಯನ್ನು ಇನ್ನಷ್ಟು ಒತ್ತಿದಳು. "ಅದಕ್ಕೇ ಭಯ."

ಅವನು ಅವಳ ಬೆರಳುಗಳನ್ನೇ ನೋಡಿದ. "ನಿಂದೂ ನಂಗೊತ್ತು. ಕದ ಬಡುದ್ರೆ ಮಾತು ಅರ್ಧಕ್ಕೇ ನಿಲ್ಲಿಸ್ತೀಯ. ಯಾರಾರ ಜೋರಾಗಿ ನಕ್ರೂ ಒಂದೆಜ್ಜೆ ಇಂದಕ್ಕೋಯ್ತೀಯ. ಮೊದುಲ್ನೇ ದಿನಾನೇ ನೋಡ್ದೆ."

ಈ ಮೂರು ತಿಂಗಳಲ್ಲಿ ಅವನು ಲ್ಯಾಬಿನ ಬಾಗಿಲನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಮುಚ್ಚುತ್ತಿದ್ದದ್ದು ಅವಳಿಗೆ ನೆನಪಾಯಿತು. ಅದು ಅವನ ಸ್ವಭಾವ ಎಂದುಕೊಂಡಿದ್ದಳು. ಎಲ್ಲಿ ಹೊಡೆಯಬೇಕೆಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಹೊಡೆದಿರಲಿಲ್ಲ.

"ನಂದು ಇನ್ನೊಂದಿದೆ" ಎಂದಳು ಕೋಮಲ. "ಅದು ನಿಂಗೊತ್ತಿಲ್ಲ. ಯಾವ ಪುಟದಲ್ಲೂ ಬರ್ದಿಲ್ಲ."

"ಯೋಳು."

"ಬೈದ್ರೆ ಬೈಯಿ. ಆದ್ರೆ ಸುಮ್ಮನಾಗ್ಬೇಡ. ನಿನ್ನೆ ನೀನು ಸುಮ್ಮನಾದಾಗ ನಂಗೆ ಊಟ ಸೇರ್ಲಿಲ್ಲ, ನಿದ್ದೆ ಬರ್ಲಿಲ್ಲ. ನೀನಿಲ್ದೆ ನಂಗಾಗಲ್ಲ ಚನ್ನಬಸವ."

ಅವನ ಕಿವಿ ಕೆಂಪಗಾಯಿತು. "ಬೇಕೂಂತ ಸುಮ್ನಾಗಿದ್ದಲ್ಲ ಕಣೆ. ಇಲ್ಲಿಗೆ ಬರಕ್ಕೆ ಧೈರ್ಯ ತಕ್ಕತಿದ್ದೆ." ಇನ್ನೊಂದು ಕೈಯನ್ನು ಅವಳ ಕೈಯ ಮೇಲೆ, ಮುಟ್ಟಿದರೂ ಮುಟ್ಟದಂತೆ, ಇಟ್ಟ. "ಇನ್ಮೇಲೆ ಕೋಪ ಬಂದ್ರೆ, 'ಕೋಪ ಬಂದದೆ' ಅಂತಾದ್ರೂ ಒಂದ್ ಮೆಸೇಜ್ ಆಕ್ತೀನಿ. ನಂಗೂ ನೀನಿಲ್ದೆ ಆಗಕ್ಕಿಲ್ಲ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಆ ರಾಕ್ಷಸ ಸತ್ನಾ?"

"ಎಲ್ಲಿ? ನಾನು ಬಲಗಡೆ ಪುಟ ನೋಡೇ ಇಲ್ಲ."

ಮೇಜಿನ ಮೇಲೆ ಅವನ ರಕ್ತದ ಕೊಳವೆ ಕಾಯುತ್ತಿತ್ತು. ಅದರಲ್ಲಿ ಏನು ಬರುವುದೋ ಇಬ್ಬರಿಗೂ ತಿಳಿಯದು. ಮನೆಯಲ್ಲಿ ಅಪ್ಪನಿಗೆ ಇದನ್ನೆಲ್ಲ ಹೇಗೆ ಹೇಳುವುದೋ ಅದೂ ತಿಳಿಯದು. ಭಯ ಹೋಗಿರಲಿಲ್ಲ. ಆದರೂ ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಹೊರಗಿನಿಂದ ಸೋಮಮ್ಮನ ಧ್ವನಿ ಬಂತು. "ಏನವ್ವ, ಇನ್ನೂ ರಕ್ತ ನಿಂತಿಲ್ವಾ?"

ಹತ್ತಿಯ ಕೆಳಗೆ ರಕ್ತ ಆಗಲೇ ನಿಂತಿತ್ತು.

"ಇನ್ನೂ ಇಲ್ಲ ಸೋಮಕ್ಕ" ಎಂದಳು ಕೋಮಲ.