ಶುಭಂ ಆದಮೇಲೆ

ಕೋಮಲಾ ಕ್ಯಾಸೆಟ್ಟಿನ ಮುಚ್ಚಳ ಎತ್ತಿ, ಟೇಪಿನ ಅಂಚಿಗೆ ಹಿಡಿದಿದ್ದ ಬಿಳಿ ಬೂಷ್ಟನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದಳು. ಕಡೂರು ಬಸ್ ಸ್ಟ್ಯಾಂಡಿನ ಗದ್ದಲ ಸ್ಟುಡಿಯೋದ ಆ ಒಳಕೋಣೆಯವರೆಗೆ ಬರುತ್ತಿರಲಿಲ್ಲ. ಉಸಿರನ್ನೂ ಅವಳು ಮೆಲ್ಲಗೆ ಬಿಡುತ್ತಿದ್ದಳು.

ಪಕ್ಕದಿಂದ ಒಂದು ಕೈ ಚಾಚಿ ಬಂತು.

"ಇದೇನಾ ನಮ್ ಕ್ಯಾಸೆಟ್ಟು?"

ಬೆರಳು ಟೇಪಿಗೆ ತಾಗುವಷ್ಟರಲ್ಲಿ ಕೋಮಲಾ ಆ ಮಣಿಕಟ್ಟನ್ನು ಗಬಕ್ಕನೆ ಹಿಡಿದಳು!

ಹಿಡಿದಮೇಲೆ ಗಾಬರಿಯಾಯಿತು. ಯಾರೋ ಗಂಡಸಿನ ಕೈ... ಬಿಟ್ಟರೆ ಟೇಪು ಮುಟ್ಟುತ್ತಾನೆ. ಬಿಡದಿದ್ದರೆ?

"ಮುಟ್ಟಲ್ಲ, ಬಿಡ್ರೀ," ಅವನು ನಕ್ಕ. "ಒಂದ್ ಮಾತು ಹೇಳಿದ್ರೆ ಆಗ್ತಿತ್ತಲ್ಲ."

ಅವಳ ಕಿವಿ ಬಿಸಿಯಾಯಿತು. ಕೈ ಬಿಟ್ಟು ಮತ್ತೆ ಟೇಪು ಒರೆಸತೊಡಗಿದಳು.

"ಅವಳ ಬಾಯಿಂದ ಮಾತು ಬೇಕಂದ್ರೆ ತಾಲ್ಲೂಕು ಆಫೀಸಿಗೆ ಅರ್ಜಿ ಹಾಕ್ಬೇಕು ಕಣಪ್ಪಾ!" ಹೊರಗಿನಿಂದ ಸ್ಟುಡಿಯೋ ಮಾಲೀಕ ಕಾಂತರಾಜ್ ಕೂಗಿದ.

ಬಂದವನು ರುದ್ರಮೂರ್ತಿ. ಅಜ್ಜಂಪುರದಲ್ಲಿ ಮೋಟಾರ್ ರಿಪೇರಿ ಅಂಗಡಿ. ತರೀಕೆರೆಯಲ್ಲಿ ನಡೆದ ಚಿಕ್ಕಮ್ಮನ ಮದುವೆಯ ಕ್ಯಾಸೆಟ್ಟು ಅದು.

"ಚಿಕ್ಕಮ್ಮನ ಟ್ರಂಕಲ್ಲಿ ಈಗ ಸಿಕ್ತು. ನಮ್ಮಮ್ಮ ಇದಾರೆ ಇದ್ರಲ್ಲಿ..." ಅವನ ನಗು ತಗ್ಗಿತು. "ನಾನು ಕೂಸಾಗಿದ್ದಾಗ್ಲೇ ತೀರ್ಕೊಂಡ್ರು. ಫೋಟೋ ಇದೆ ರೀ. ದನಿ ಹೆಂಗಿತ್ತು ಅನ್ನೋದೇ ಗೊತ್ತಿಲ್ಲ. ಅದೊಂದು ಸಿಕ್ರೆ ಸಾಕು."

ಕೋಮಲಾ ತಲೆಯಾಡಿಸಿದಳು.

ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ಅವಳಿಗೆ ಕಾಂತರಾಜ್ ಕಲಿಸಿದ ಕೆಲಸ ಇದು. ಹಳೇ ಟೇಪನ್ನು ಕಂಪ್ಯೂಟರಿಗೆ ಇಳಿಸುವಾಗ ಅವಸರ ನಡೆಯುವುದಿಲ್ಲ. ಮದುವೆ ಎಷ್ಟು ಹೊತ್ತು ಓಡುತ್ತದೋ ಅಷ್ಟು ಹೊತ್ತೂ ಯಾರಾದರೂ ಕಾದು ಕೂರಬೇಕು. ಕೋಮಲಾಗೆ ಅದೇ ಇಷ್ಟ. ಎಷ್ಟು ದಿಟ್ಟಿಸಿ ನೋಡಿದರೂ ಪರದೆಯ ಜನ ತಿರುಗಿ ನೋಡುವುದಿಲ್ಲವಲ್ಲ!

ಪರದೆಯಲ್ಲಿ ಹಳದಿ ಸೀರೆ, ಸೊಂಟದ ಮೇಲೆ ದುಂಡನೆಯ ಕೂಸು. ರುದ್ರಮೂರ್ತಿ ಹೆಸರು ಹೇಳಿ ತೋರಿಸಿದ್ದ ಫೋಟೋದ ಮುಖವೇ. ಇವರೇ ಅವನ ಅಮ್ಮ ವನಜಾಕ್ಷಿ. ಕೂಸಿನ ಕಿವಿಯಲ್ಲಿ ಏನೋ ಹೇಳುತ್ತಿದ್ದಾರೆ. ಆದರೆ ಕೇಳುತ್ತಿರುವುದು ಬರೀ ಸಿನಿಮಾ ಹಾಡು! ಆ ಕಾಲದ ಮದುವೆ ವಿಡಿಯೋಗಳೇ ಹಾಗೆ. ಮಾತೆಲ್ಲ ಅಳಿಸಿ, ಧಾರೆಯಿಂದ ಊಟದವರೆಗೂ ಹಾಡು ತುಂಬುತ್ತಿದ್ದರು.

ಕೊನೆಗೆ ಹೂವಿನ ನಡುವೆ 'ಶುಭಂ' ಎಂದು ಬಂತು. ವಾಡಿಕೆಯಂತೆ ಅಲ್ಲಿಗೆ ನಿಲ್ಲಿಸಿದಳು.

ಇಳಿಸಿಕೊಟ್ಟ ಪೆನ್ ಡ್ರೈವನ್ನೂ ಕ್ಯಾಸೆಟ್ಟನ್ನೂ ಒಯ್ದ ರುದ್ರಮೂರ್ತಿ ಮರುದಿನವೇ ಕ್ಯಾಸೆಟ್ಟು ಹಿಡಿದು ವಾಪಸ್ ಬಂದ. ಕಣ್ಣು ಕೆಂಪಗಿತ್ತು. ಕಾಂತರಾಜ್ ಇರಲಿಲ್ಲ.

"ಏನ್ರೀ ಇದು! ಅಮ್ಮ ಮಾತಾಡೋ ಕಡೆಯೆಲ್ಲ ಹಾಡು ತುಂಬಿದ್ದೀರಲ್ಲ! ಎಡಿಟ್ ಮಾಡಿ ಅಂತ ಯಾರು ಕೇಳಿದ್ರು ನಿಮ್ಮನ್ನ?"

'ನಾನಲ್ಲ... ಆ ಕಾಲದಲ್ಲೇ ಹಾಕಿದ್ದ ಹಾಡು ಅದು...' ಎಂದು ಕೋಮಲಾ ಮನಸ್ಸಿನಲ್ಲೇ ಅಂದುಕೊಂಡಳು.

"ಸುಮ್ನಿದೀರಾ ಅಂದ್ರೆ ನೀವೇ ಅಂತಾಯ್ತು. ನಿಮಗಿದು ಹತ್ತರಲ್ಲಿ ಹನ್ನೊಂದನೇ ಮದ್ವೆ, ಅಷ್ಟೇ! ಇಟ್ಕೊಳ್ಳಿ, ನಂಗ್ಯಾಕೆ ಇನ್ನಿದು!"

ಕ್ಯಾಸೆಟ್ಟು ಮೇಜಿನ ಮೇಲಿಟ್ಟು ಹೊರಟುಹೋದ.

ಕಣ್ಣೊರೆಸಿಕೊಂಡು ಅವಳು ಕ್ಯಾಸೆಟ್ಟು ಕೈಗೆತ್ತಿಕೊಂಡಳು. ಅದರ ಪುಟ್ಟ ಕಿಟಕಿಯಲ್ಲಿ ಕಣ್ಣು ನೆಟ್ಟಿತು. ಎಡಗಡೆಯ ಚಕ್ರದಲ್ಲಿ ಇನ್ನೂ ಬೆರಳು ದಪ್ಪ ಟೇಪು!

ಶುಭಂ ಆದಮೇಲೆ ಏನಿರುತ್ತೆ? ಯಾರೂ ನೋಡುವುದಿಲ್ಲವಲ್ಲ...

ಓಡಿಸಿದಳು. ಬರೀ ಚುಕ್ಕೆಗಳ ಗಿಜಿಗಿಜಿ. ಇನ್ನೂ ಚುಕ್ಕೆ. ಆಮೇಲೆ ತಟ್ಟನೆ ಊಟದ ಮನೆ! ಹಾಡಿಲ್ಲ. ಪಾತ್ರೆ ಸದ್ದು, ಮಕ್ಕಳ ಅಳು! ಹೊಸ ಕ್ಯಾಸೆಟ್ಟಿನ ಖರ್ಚು ಉಳಿಸಲು ಆಗಿನವರು, ಮೊದಲು ಶೂಟ್ ಮಾಡಿದ್ದ ಕ್ಯಾಸೆಟ್ಟಿನ ಮೇಲೇ ಹಾಡು ಹಾಕಿ ಎಡಿಟ್ ಮಾಡಿದ ಮದುವೆಯನ್ನು ತುಂಬಿದ್ದರು. ಟೇಪಿನ ಬಾಲದಲ್ಲಿ ಮೊದಲಿನ ಶೂಟಿಂಗು ಮಾತಿನ ಸಮೇತ ಅಳಿಯದೆ ಉಳಿದಿತ್ತು.

ಹಳದಿ ಸೀರೆ ಇತ್ತ ತಿರುಗಿತು. ತುಟಿ ಬಿಚ್ಚುತ್ತಿತ್ತು...

ಕೋಮಲಾ ಸ್ಟಾಪ್ ಒತ್ತಿಬಿಟ್ಟಳು!

ಪರಿಚಯವಿಲ್ಲದ ಗಂಡಸಿಗೆ ಫೋನ್ ಮಾಡಿದ್ದು ಅದೇ ಮೊದಲು.

"ಹಲೋ... ಕೋಮಲಾ. ಹಾಡು ನಾನು ಹಾಕಿದ್ದಲ್ಲ. ನೀವು... ಬನ್ನಿ."

ಆ ಕಡೆ ಬಸ್ಸಿನ ಹಾರ್ನು, ಆಮೇಲೆ ರುದ್ರಮೂರ್ತಿ. "ಇದು ನಿಮ್ ದನಿನಾ?"

ಬೀರೂರಲ್ಲಿ ಬಸ್ಸು ಬದಲಿಸುತ್ತಿದ್ದವನು ಹಾಗೇ ಹಿಂದಿರುಗಿ ಬಂದ. ಎಲ್ಲ ಕೇಳಿದಮೇಲೆ ಅವನಿಗೆ ತಲೆ ಎತ್ತಲಾಗಲಿಲ್ಲ.

"ನೀವು ಕೇಳಿದ್ರಾ ದನಿ?"

"ಇಲ್ಲ. ಬಾಯಿ ತೆರೀತಿದ್ರು... ನಿಲ್ಲಿಸ್ಬಿಟ್ಟೆ. ಮೊದ್ಲು ನೀವು ಕೇಳ್ಬೇಕು."

"ಬಾಯಿಗೆ ಬಂದಂಗೆ ಅಂದ್ಬಿಟ್ಟೆ ರೀ. ಆಗ್ಲೇ ಯಾಕೆ ಹೇಳ್ಲಿಲ್ಲ?"

"ನಂಗೆ ಮಾತು... ತಡವಾಗಿ ಬರುತ್ತೆ."

"ಬರ್ಲಿ ಬಿಡಿ, ಕಾಯ್ತೀನಿ. ಅಜ್ಜಂಪುರದಿಂದ ದಿನಾ ಬಸ್ಸಿದೆ."

"ದಿನಾ ತರೋಕೆ ಕ್ಯಾಸೆಟ್ ಎಲ್ಲಿದೆ?" ಕೇಳಿದವಳು ತಾನೇನಾ ಎಂದು ಅವಳಿಗೇ ಅಚ್ಚರಿ!

"ಕ್ಯಾಸೆಟ್ ಇಲ್ದೇನೇ ಬರ್ತೀನಿ. ನಿಮ್ ದನಿ ಕೇಳೋಕೆ. ಬರ್ಲಾ, ಕೋಮಲಾ?"

"ಬನ್ನಿ," ಎಂದಳು. ಈ ಸಲ ಮಾತು ತಡವಾಗಲಿಲ್ಲ.

ಕಂಪ್ಯೂಟರಿನಲ್ಲಿ ರೆಕಾರ್ಡ್ ಒತ್ತಿ, ಟೇಪು ಓಡಿಸಿದಳು. ಅವನ ಕೈ ಪರದೆಯ ಕಡೆ ಚಾಚಿತು. ಅದೇ ಮಣಿಕಟ್ಟನ್ನು ಮೆಲ್ಲಗೆ ಹಿಡಿದಳು. ಬಿಡಿ ಎಂದು ಅವನು ಅನ್ನಲಿಲ್ಲ.

ಪರದೆಯ ಮೇಲೆ ವನಜಾಕ್ಷಿ ಕ್ಯಾಮೆರಾ ನೋಡಿ, ಸೆರಗು ಮುಖಕ್ಕೆ ಅಡ್ಡ ಹಿಡಿದು ನಕ್ಕರು. ತುಸು ಒಡಕು ದನಿ, ನಗುವಿನಲ್ಲಿ ನೆನೆದದ್ದು.

"ಅಯ್ಯೋ, ನಾಚ್ಕೆ ಆಗುತ್ತೆ... ಅದನ್ನ ಆಫ್ ಮಾಡಣ್ಣಾ!"

ಇಬ್ಬರ ಕೈಯೂ ಸ್ಟಾಪ್ ಗುಂಡಿಯ ಕಡೆ ಹೋಗಲಿಲ್ಲ. ಅಮ್ಮನ ದನಿ ಮತ್ತೆ ಬಂತು.

"ಆಫ್ ಮಾಡಣ್ಣಾ, ಸಾಕು..."