ಒಂಟೆ ಡಾಕ್ಟ್ರು, ಸೆಟ್ ಮೇಡಂ

"ಇದನ್ನ ನೀವೇ ಮಾಡಿದ್ದಾ?"

ಕ್ಲಿನಿಕ್ಕಿಗೆ ಹೊಸದಾಗಿ ಬಂದ ಹಲ್ಲಿನ ಡಾಕ್ಟರ್, ಅವಳು ತಂದ ಹಲ್ಲುಸೆಟ್ಟನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದ.

ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಆ ನೋಟ... ಗದ್ದ ಮೇಲೆತ್ತಿ, ಕನ್ನಡಕದ ಕೆಳಗಿನ ಅಂಚಿನಿಂದ, ಮೂಗಿನ ಮೇಲೆ ಜಾರಿಸಿ ಬಿಟ್ಟ ನೋಟ! ಮೊದಲು ಸೆಟ್ಟಿನ ಮೇಲೆ ಬಿತ್ತು. ಆಮೇಲೆ ಅವಳ ಮುಖದ ಮೇಲೆ. ಗದ್ದ ಸ್ವಲ್ಪ ಇಳಿಯಿತು, ಮತ್ತೆ ಏರಿತು, ಮತ್ತೊಮ್ಮೆ ಅವಳನ್ನು ಮೇಲಿಂದ ಕೆಳಗೆ ಅಳೆಯಿತು.

ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಇಲ್ಲ. ದಾರೀಲಿ ಬಿದ್ದಿತ್ತು, ಎತ್ಕೊಂಡು ಬಂದೆ."

ರಿಸೆಪ್ಷನ್ ಹುಡುಗಿ ಕೆಮ್ಮಿದಂತೆ ಮಾಡಿ ನಗು ನುಂಗಿದಳು. ಡಾಕ್ಟರ್ ಮಾತ್ರ "ಹ್ಞೂಂ" ಎಂದು ಒಳಗೆ ಹೊರಟ. ಸಮತಟ್ಟಾದ ನೆಲದ ಮೇಲೂ ಕಾಲನ್ನು ಎತ್ತೆತ್ತಿ ಇಡುತ್ತಾ ಹೋದ.

'ನಾವು ತುಳಿದ ನೆಲ ಮಹಾರಾಜರ ಪಾದಕ್ಕೆ ತಾಗಬಾರದೇನೋ... ಒಂಟೆ! ಥೇಟ್ ಒಂಟೆ!'

ಹೀಗೆ ಅವನಿಗೆ ಆ ಹೆಸರು ಬಿತ್ತು. ಅವಳಿಗೆ ಕ್ಲಿನಿಕ್ಕಿನವರು ಇಟ್ಟ ಹೆಸರು ಮೊದಲೇ ಇತ್ತು, ಸೆಟ್ ಮೇಡಂ. ಎರಡು ಬೀದಿ ಆಚೆಯ ಲ್ಯಾಬಿನಲ್ಲಿ ಕೂತು, ಮೇಣದಲ್ಲಿ ಹಲ್ಲು ಜೋಡಿಸಿ, ಬೊಚ್ಚುಬಾಯಿಗಳಿಗೆ ಸೆಟ್ಟು ಕಟ್ಟುವುದು ಅವಳ ಕೆಲಸ.

ತಿರಸ್ಕರಿಸುವ ಗುಣ ಅವಳಿಗೆ ಹುಟ್ಟಿನಿಂದ ಬಂದದ್ದು. ನಲವತ್ತು ದಾಟಿದರೂ ಮದುವೆಯಾಗಿರಲಿಲ್ಲ. ನೋಡಲು ಬಂದ ಗಂಡುಗಳಲ್ಲಿ ಒಬ್ಬನ ನಗು ಸೊಟ್ಟ, ಒಬ್ಬನ ಮಾತು ಸಪ್ಪೆ, ಇನ್ನೊಬ್ಬ ಕಾಫಿಯನ್ನು ಸೊರ್‍ರೆಂದು ಹೀರುತ್ತಾನೆ. ಹಲ್ಲಿದ್ದವರಿಗೆ ಕಡಲೆ ಇಲ್ಲ ಎನ್ನುತ್ತಾರೆ. ಇವಳ ಮುಂದೆ ಮೂಟೆಗಟ್ಟಲೆ ಕಡಲೆ ಸುರಿದರೂ ಒಂದೊಂದನ್ನೂ ಎತ್ತಿ ನೋಡಿ, ಹುಳುಕು ಎಂದು ಎಸೆಯುವವಳು.

ಇಂಥವಳು ಆ ಒಂಟೆಯ ಸೆಟ್ಟುಗಳನ್ನು ಮಾತ್ರ ಎರಡೆರಡು ಸಲ ಉಜ್ಜಿ ಹೊಳಪು ಕೊಡತೊಡಗಿದಳು. ಕಳಿಸಲು ಬೇರೆ ಜನರಿದ್ದರೂ ತಾನೇ ಒಯ್ಯತೊಡಗಿದಳು. ಹೊರಡುವ ಮುಂಚೆ ಕನ್ನಡಿ ಬೇರೆ!

'ಅವನ ಬಾಯಲ್ಲಿ ಒಂದ್ಸಲ ಚೆನ್ನಾಗಿದೆ ಅನ್ನಿಸ್ಬೇಕು, ಅಷ್ಟೇ. ಬೇರೇನೂ ಇಲ್ಲ.'

ಬೇರೇನೂ ಇಲ್ಲವಂತೆ. ತನಗೇ ಸುಳ್ಳು ಹೇಳಿಕೊಳ್ಳುವವರಿಗೆ ಸಾಕ್ಷಿಯ ಅಗತ್ಯವೂ ಇರುವುದಿಲ್ಲ ನೋಡಿ.

ಒಂದು ದಿನ ಅವಳೆದುರೇ ಒಬ್ಬ ಅಜ್ಜಿಗೆ ಸೆಟ್ಟು ಕೂರಿಸಿದ. ಅಜ್ಜಿ ಕನ್ನಡಿ ನೋಡಿ ಬಾಯಿ ಮುಚ್ಚುವುದನ್ನೇ ಮರೆತಳು.

"ನನಗಲ್ಲ ಅಜ್ಜಿ, ಥ್ಯಾಂಕ್ಸ್ ಅವರಿಗೆ ಹೇಳಿ," ಎಂದು ಅವಳತ್ತ ಕೈ ತೋರಿಸಿದ. ದನಿಯಲ್ಲಿ ಎಷ್ಟು ಮೆದು! ಅವಳು ಕೂದಲು ಸರಿಮಾಡಿಕೊಂಡಳು. ಅಷ್ಟರಲ್ಲಿ ಅವಳ ಹತ್ತಿರ ಬಂದ, ಬಂದವನೇ ಗದ್ದ ಮೇಲೆತ್ತಿದ.

"ಸಂಜೆ ಒಂದು ಕಾಫಿ ಕುಡಿಯೋಣ್ವಾ? ನಿಮ್ಮ ಹತ್ರ ಒಂದು ಮಾತು ಹೇಳೋದಿತ್ತು..."

ಕರೆಯುವುದು ಕಾಫಿಗೆ, ನೋಡುವುದು ಕಸದಂತೆ! ಭಿಕ್ಷೆ ಹಾಕುತ್ತಿದ್ದಾನೆಯೇ ಇವನು?

"ಮೂಗಿನ ತುದಿಯಿಂದ ನೋಡೋರ ಜೊತೆ ನಾನು ಕಾಫಿ ಕುಡಿಯಲ್ಲ ಡಾಕ್ಟ್ರೇ. ನನ್ನ ಮುಖ ನೋಡೋಕೆ ಅಷ್ಟು ಅಸಹ್ಯ ಆದ್ರೆ ನೋಡ್ಲೇಬೇಡಿ. ಯಾರೂ ಬಲವಂತ ಮಾಡಿಲ್ಲ."

ಕಾಯುತ್ತಿದ್ದ ಪೇಷಂಟುಗಳೆಲ್ಲ ನೋವು ಮರೆತು ತಿರುಗಿ ನೋಡಿದರು. ಅವನ ಮುಖ ಸುಟ್ಟ ಬದನೆಯಂತಾಯಿತು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಅಂದಿನಿಂದ ಅವಳು ಬಂದಾಗ ಅವನು ಹೊರಗೆ ಬರಲೇ ಇಲ್ಲ. ಕೊನೆಗೊಮ್ಮೆ ರಿಸೆಪ್ಷನ್ ಹುಡುಗಿಯೇ ಹೇಳಿದಳು.

"ಡಾಕ್ಟ್ರು ಬೇರೆ ಊರಿನ ನಮ್ಮ ಕ್ಲಿನಿಕ್ಕಿಗೆ ಹೋಗ್ತಿದ್ದಾರೆ ಮೇಡಂ. ಅವರೇ ಕೇಳಿ ಹಾಕಿಸ್ಕೊಂಡಿದ್ದು. ನಾಳೆ ಕೊನೇ ದಿನ."

"ಹೋಗ್ಲಿ. ಪೀಡೆ ತೊಲಗಿತು," ಎಂದು ಮೆಟ್ಟಿಲಿಳಿದಳು. ಬೀದಿಗೆ ಬರುವಷ್ಟರಲ್ಲಿ ಕಣ್ಣು ತುಂಬಿತ್ತು. ಅದಕ್ಕೂ ಧೂಳನ್ನೇ ಬೈದಳು.

ಅದೇ ಮಧ್ಯಾಹ್ನ ಅವಳ ಹೊಸ ಕನ್ನಡಕ ಬಂತು. ಅದರದ್ದೊಂದು ಬೇರೆ ಅವಮಾನ. ಹಿಂದಿನ ವಾರ ಅವಳು ಕಟ್ಟಿದ ಸೆಟ್ಟೊಂದು, ಮುಂದಿನ ಹಲ್ಲು ಓರೆಯಾಗಿದೆ ಎಂದು ಬೇರೊಂದು ಕ್ಲಿನಿಕ್ಕಿನಿಂದ ವಾಪಸ್ಸು ಬಂದಿತ್ತು. ದೀಪ ಸರಿಯಿಲ್ಲ ಎಂದಳು, ಮೇಣ ಕಳಪೆ ಎಂದಳು. ಲ್ಯಾಬಿನ ಯಜಮಾನರು ಕೇಳಲಿಲ್ಲ, ಕಣ್ಣು ತೋರಿಸಿಕೊಂಡು ಬಾ ಎಂದು ಅಟ್ಟಿದ್ದರು.

"ಒಂದೇ ಗಾಜಲ್ಲಿ ಎಲ್ಲಾ ಇದೆ ಮೇಡಂ," ಎಂದ ಕನ್ನಡಕದ ಅಂಗಡಿಯವನು. "ಮೇಲಿನ ಭಾಗ ದೂರಕ್ಕೆ, ಕೆಳಗಿಂದು ಹತ್ತಿರಕ್ಕೆ. ಒಗ್ಗೋಕೆ ಸ್ವಲ್ಪ ದಿನ ಬೇಕು."

"ನಾನೇನು ದಡ್ಡಿ ಅಲ್ಲ," ಎಂದು ಹಾಕಿಕೊಂಡು ಹೊರಟಳು.

ಬೀದಿ ತೇಲಿತು. ಫುಟ್‌ಪಾತು ಎದ್ದು ಬಂದಂತಾಯಿತು. ಅದನ್ನು ದಾಟಲು ಕಾಲೆತ್ತಿದರೆ ಅಲ್ಲಿ ಏನೂ ಇರಲಿಲ್ಲ. ಗೋಡೆ ಹಿಡಿದುಕೊಂಡೇ ಮನೆ ಮುಟ್ಟಿದಳು.

ಅಮ್ಮ ಕಾಫಿ ತಂದು ಎದುರಿಗೆ ನಿಂತರು. ಅಮ್ಮನ ಮುಖ ಮಸುಕು ಮಸುಕು. ಅವಳು ತಲೆ ಇಳಿಸಿದಳು, ಏರಿಸಿದಳು... ಗದ್ದ ಪೂರ್ತಿ ಮೇಲೆತ್ತಿದಾಗ ಅಮ್ಮ ಸ್ಪಷ್ಟವಾಗಿ ಕಂಡರು. ಸ್ಪಷ್ಟವಾಗಿ ಸಿಟ್ಟಾಗಿದ್ದರು.

"ಏನೇ ಅದು? ಹೆತ್ತ ತಾಯಿನ ಮೇಲಿಂದ ಕೆಳಗೆ ನೋಡ್ತೀಯಾ? ನಾನೇನು ನಿನ್ನ ಮನೆ ಆಳಾ?"

"ಅಯ್ಯೋ ಇಲ್ಲಮ್ಮ, ಇದು ಕನ್ನಡಕ... ಹಿಂಗೆ ಎತ್ತಿದ್ರೇನೇ..."

ಅವಳು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಳು. ಅವನು ಕಾಲು ಎತ್ತೆತ್ತಿ ಇಟ್ಟದ್ದು. ಗದ್ದ ಏರಿಸಿ ಇಳಿಸಿದ್ದು. ಅವನ ಬಾಡಿದ ಮುಖ...

"ಎಂಥ ಕೆಲಸ ಮಾಡಿಬಿಟ್ಟೆ ನಾನು!"

"ಅದನ್ನೇ ನಾನೂ ಹೇಳ್ತಿರೋದು," ಎಂದರು ಅಮ್ಮ.

ಮರುದಿನ ಬೆಳಿಗ್ಗೆ ಅವನು ಕ್ಲಿನಿಕ್ಕಿನ ತನ್ನ ಕೋಣೆಯಲ್ಲಿ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ಅವಳು ಮೊಣಕಾಲೆತ್ತರ ಕಾಲೆತ್ತಿ ಹೊಸಿಲು ದಾಟಿ ಒಳಗೆ ಬಂದಳು. ಅವನು ತಿರುಗಿದ. ಅವಳು ಗದ್ದ ಎತ್ತಿದಳು. ಅವನೂ ಎತ್ತಿದ. ಜಗತ್ತಿನಲ್ಲಿ ಇವರಿಬ್ಬರಷ್ಟು ಸೊಕ್ಕಿನ ಜೋಡಿ ಇನ್ನೊಂದಿಲ್ಲ ಎನ್ನುವಂತೆ ಇಬ್ಬರೂ ಮೂಗು ಮೇಲೆ ಮಾಡಿ ನಿಂತರು.

"ನೀವೂ ಹಾಕ್ಕೊಂಡ್ರಾ?" ಅವನು ಮೆಲ್ಲಗೆ ಕೇಳಿದ.

"ಮೊದಲೇ ಹೇಳೋಕೇನಾಗಿತ್ತು? ಅವತ್ತು ಬಾಯಿಗೇನು ಹತ್ತಿ ಇಟ್ಕೊಂಡಿದ್ರಾ?" ಕ್ಷಮೆ ಕೇಳಲು ಬಂದವಳ ಮಾತು ಇದು. "ನನ್ನ ಕೆಲಸ ನಿಮಗೆ ಕೀಳು ಅಂತ ಅಂದ್ಕೊಂಡೆ. ಎಲ್ಲಾ ಬರೀ ಕನ್ನಡಕ ಅಲ್ವಾ?"

"ಎಲ್ಲಾ ಅಲ್ಲ. ಆ ಮೊದಲನೇ ಸೆಟ್ಟು ನಿಜವಾಗ್ಲೂ ಚೆನ್ನಾಗಿರಲಿಲ್ಲ."

"ಏನಂದ್ರಿ?"

"ಮುಂದಿನ ಹಲ್ಲು ಉದ್ದ ಆಗಿತ್ತು." ಅವನು ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟ. "ಆಮೇಲಿಂದು ಎಲ್ಲಾ ಚೆನ್ನಾಗಿತ್ತು. ಅವತ್ತು ಹೊಸದಾಗಿದ್ದ ಕನ್ನಡಕಾನೂ ಬೇಗ ಒಗ್ಗಿತು. ಆದ್ರೆ ನೀವು ಹತ್ರ ನಿಂತಾಗ ನಿಮ್ಮ ಮುಖ ಕಾಣ್ತಿದ್ದಿದ್ದು ಕೆಳಗಿನ ಭಾಗದಲ್ಲಿ ಮಾತ್ರ. ಅದಕ್ಕೆ ತಲೆ ಎತ್ತುತ್ತಿದ್ದೆ. ನೀವು ಅಸಹ್ಯ ಅಂದ್ರಿ."

ಅವಳಿಗೆ ನಿಂತ ನೆಲ ತೇಲಿತು. ಈ ಸಲ ತಪ್ಪು ಗಾಜಿನದ್ದಲ್ಲ.

"ಹೋಗ್ಬೇಡಿ."

"ಯಾಕೆ?"

"ನಿಮ್ಮನ್ನ ಬೈದುಕೊಳ್ದೆ ನನಗೆ ದಿನ ಹೋಗಲ್ಲ..." ಅವಳ ದನಿ ಒಡೆಯಿತು. "ಅಲ್ಲ. ನಿಮ್ಮನ್ನ ನೋಡ್ದೆ ಹೋಗಲ್ಲ. ನೀವಂದ್ರೆ ನನಗಿಷ್ಟ. ಬೇರೆ ಯಾರನ್ನೂ ಇಷ್ಟಪಟ್ಟು ಅಭ್ಯಾಸ ಇಲ್ಲ, ಅದಕ್ಕೆ ಹಿಂಗೆ ಆಡ್ದೆ. ಕ್ಷಮಿಸಿ."

ಅವನು ಪೆಟ್ಟಿಗೆಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ ಹತ್ತಿರ ಬಂದ. ಹತ್ತಿರವಾದಷ್ಟೂ ಇಬ್ಬರ ಗದ್ದವೂ ಮೇಲೇರಿತು. ಕೊನೆಗೆ ಏರಿಸಲು ಜಾಗವೇ ಉಳಿಯಲಿಲ್ಲ.

"ಇಷ್ಟು ಹತ್ರ ಬಂದ್ರೆ ಯಾವ ಭಾಗದಿಂದ ನೋಡ್ಬೇಕು?" ಅವಳು ಪಿಸುಗುಟ್ಟಿದಳು.

"ಗೊತ್ತಿಲ್ಲ. ನನಗೂ ಏನೂ ಕಾಣಿಸ್ತಿಲ್ಲ."

"ಡಾಕ್ಟ್ರಂತೆ ಡಾಕ್ಟ್ರು," ಎಂದು ಅವಳು ಕಣ್ಣು ಮುಚ್ಚಿಕೊಂಡಳು.